ಬಚ್ಚಲುಮನೆಗೊಂದು ಕೈಯಾಸರೆ

ಮನೆ ಕಟ್ಟುವವರು ದೇವರಮನೆಯ ದಿಕ್ಕನ್ನು ಜೋಯಿಸರಲ್ಲಿ ಕೇಳುತ್ತಾರೆ. ಅಡಿಗೆಮನೆಯ ವಿಚಾರದಲ್ಲಿ ಮನೆಯಾಕೆಯ ಮಾತು ನಡೆಯುತ್ತದೆ. ನಡುಮನೆಯ ಅಂದಚೆಂದವನ್ನು ಬಂದುಹೋಗುವ ನೆಂಟರಿಷ್ಟರ ಕಣ್ಣು ನಿರ್ಧರಿಸುತ್ತದೆ. ಯಾರ ಸಲಹೆಯೂ ಇಲ್ಲದೆ, ಉಳಿದ ಜಾಗದಲ್ಲಿ, ಉಳಿದ ಹಣದಲ್ಲಿ ಎದ್ದು ನಿಲ್ಲುವುದು ಬಚ್ಚಲುಮನೆಯೊಂದೇ. ಆದರೆ ಮನುಷ್ಯನು ಬಾಗಿಲು ಹಾಕಿಕೊಂಡು, ಯಾರಿಗೂ ಉತ್ತರ ಹೇಳದೆ, ತಾನೇ ತಾನಾಗಿ ಇರಬಲ್ಲ ಸ್ಥಳವೆಂದರೂ ಅದೊಂದೇ. ಎಷ್ಟೋ ಸಂಗೀತಗಾರರು ಅಲ್ಲಿ ಹುಟ್ಟಿ ಅಲ್ಲಿಯೇ ಕಣ್ಮರೆಯಾಗಿದ್ದಾರೆ. ಎಷ್ಟೋ ಗೃಹಸ್ಥರು ಹೆಂಡತಿಗೆ ಕೊಡಬೇಕಾಗಿದ್ದ ಸಮರ್ಪಕವಾದ ಉತ್ತರವನ್ನು ಅಲ್ಲಿಯೇ ಕೊಟ್ಟು ಸಮಾಧಾನ ಪಟ್ಟುಕೊಂಡಿದ್ದಾರೆ.

ನಮ್ಮ ಮಲೆನಾಡಿನ ಹಳೆಯ ಬಚ್ಚಲು ಬೇರೆಯೇ ತೆರನಾದುದು. ಒಂದು ಮೂಲೆಯಲ್ಲಿ ಒಲೆ, ಅದರ ಮೇಲೆ ಹೂತಿಟ್ಟ ತಾಮ್ರದ ಹಂಡೆ, ಕೆಳಗೆ ಹೊಗೆಯಾಡುವ ಹಸಿಸೌದೆ, ಕಾಲಡಿಯಲ್ಲಿ ಕಲ್ಲುಚಪ್ಪಡಿ. ಗೋಡೆಗೆ ಮಸಿಯೇ ಬಣ್ಣ. ಭದ್ರಾವತಿಯವರಾದ ನಮಗೆ ಸೌದೆಯ ಮಾತು ಬಂದರೆ ಊರಿನ ಚರಿತ್ರೆಯೇ ನೆನಪಾಗುತ್ತದೆ. ಹಿಂದೆ ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಣ ಕಾಡಿನ ಮರವನ್ನು ಸುಟ್ಟ ಇದ್ದಲಿನಿಂದ. ಸರ್ ಎಂ. ವಿಶ್ವೇಶ್ವರಯ್ಯನವರ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ್ದು ಬಚ್ಚಲ ಒಲೆಯ ಅಣ್ಣನೆನ್ನಬಹುದಾದ ಇದ್ದಲಿನ ಬೆಂಕಿಯಲ್ಲಿ.

ಈಗ ಹಂಡೆ ಹೋಗಿದೆ, ಹೊಗೆ ಹೋಗಿದೆ. ಮಸಿಯ ಗೋಡೆಯ ಜಾಗದಲ್ಲಿ ಟೈಲು ಬಂದಿದೆ. ಟೈಲೆಂಬ ಮಾತು ನಮಗೆ ಹೊಸದಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಪ್ರಾರಂಭಿಸಿದಂದಿನಿಂದ ಸುಟ್ಟ ಜೇಡಿಮಣ್ಣು ನಮ್ಮ ತಲೆಯ ಮೇಲಿದೆ. ಅದೇ ಮಣ್ಣಿನ ನೆಂಟ ಮೈಗೆ ಗಾಜಿನ ಮೆರುಗು ಬಳಿದುಕೊಂಡು, ಬಹುಮಟ್ಟಿಗೆ ಗುಜರಾತಿನ ಮೋರ್ಬಿಯಿಂದ ಲಾರಿಯೇರಿ ಬಂದು, ಈಗ ಗೋಡೆಗೆ ಅಂಟಿಕೊಂಡಿದ್ದಾನೆ, ಅಷ್ಟೆ. ಅವನು ಚೊಕ್ಕಟ, ಅವನಿಗೆ ಪಾಚಿ ಹಿಡಿಯುವುದಿಲ್ಲ, ಒದ್ದೆಬಟ್ಟೆಯಿಂದ ಒರೆಸಿದರೆ ಮುಖ ಕಾಣುತ್ತದೆ. ದೋಷವೆಂದರೆ ಒಂದೇ. ಜಾರುವವನ ಕೈಗೆ ಹಿಡಿಯಲು ಅವನಲ್ಲಿ ಏನೂ ಇಲ್ಲ.

ಜನ್ನಾಪುರದ ನಮ್ಮ ಮನೆಯನ್ನು ಅಪ್ಪ ಕಟ್ಟಿಸಿದ್ದು 1994ರಲ್ಲಿ. ಅವರು ಕಾರ್ಖಾನೆಯ ಮೆಷಿನ್ ಷಾಪಿನಲ್ಲಿ ಲೇತಿನ ಮುಂದೆ ಮೂವತ್ತು ವರ್ಷಗಳಿಗೂ ಮಿಕ್ಕು ನಿಂತವರು. ಯಾವ ಪಾಳಿಯಿಂದ ಬಂದರೂ ಮೊದಲು ಸ್ನಾನ, ಆಮೇಲೆ ಮಾತು. ಕೂದಲಿನಿಂದ ಎಣ್ಣೆಯ ಜಿಡ್ಡೂ ಉಗುರಿನಿಂದ ಉಕ್ಕಿನ ಪುಡಿಯೂ ಹೋಗುವವರೆಗೆ ಅವರು ನಮ್ಮ ತಂದೆಯಾಗುತ್ತಿರಲಿಲ್ಲ, ಕಾರ್ಖಾನೆಯವರಾಗಿಯೇ ಇರುತ್ತಿದ್ದರು. ನಿವೃತ್ತರಾದ ಮೇಲೂ ಪದ್ಧತಿ ತಪ್ಪಲಿಲ್ಲ. ಬೆಳಗ್ಗೆ ಐದೂವರೆಗೆ ಬಚ್ಚಲ ಬಾಗಿಲಿನ ಚಿಲಕದ ಸದ್ದು ಕೇಳಿಯೇ ನಮ್ಮ ಮನೆಯಲ್ಲಿ ಹಾಲು ಕಾಯಿಸುತ್ತಿದ್ದುದು.

ಹೋದ ಆಷಾಢದಲ್ಲಿ ಅವರು ಜಾರಿ ಬಿದ್ದರು. ಎಂಬತ್ತಮೂರು ವರ್ಷದ ಮೂಳೆ ದೇವರ ದಯೆಯಿಂದ ಮುರಿಯಲಿಲ್ಲ. ಮಂಡಿ ಊದಿಕೊಂಡಿತು, ಮೂರು ವಾರದಲ್ಲಿ ಇಳಿಯಿತು. ಆದರೆ ಇಳಿಯದೆ ಉಳಿದದ್ದು ಬೇರೊಂದು. ಬಾಗಿಲಿಗೆ ಚಿಲಕ ಹಾಕಬಾರದೆಂದು ವೈದ್ಯರು ಹೇಳಿದರು. ಮೊಮ್ಮಗ ಹೊರಗೆ ನಿಂತು, “ತಾತಾ, ಆಯ್ತಾ?” ಎಂದು ಎರಡು ನಿಮಿಷಕ್ಕೊಮ್ಮೆ ಕೂಗಬೇಕೆಂದು ನಾವು ಏರ್ಪಾಡು ಮಾಡಿದೆವು. ಹೀಗೆ ಬಾಗಿಲು ತೆರೆದ ಬಚ್ಚಲಿನಲ್ಲಿ ಎಂಟು ದಿನ ಸ್ನಾನ ಮಾಡಿದ ಅಪ್ಪ, ಒಂಬತ್ತನೆಯ ದಿನ, “ಚಳಿ ಇದೆ, ಇವತ್ತು ಬೇಡ” ಎಂದರು. ಅನಂತರ ದಿನ ಬಿಟ್ಟು ದಿನವಾಯಿತು. ಬಳಿಕ ವಾರಕ್ಕೆರಡಾಯಿತು. ಚಳಿಯ ಮಾತು ಸುಳ್ಳೆಂದು ನಮಗೂ ಗೊತ್ತಿತ್ತು, ನಮಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. “ಏನೂಂದ್ರೆ, ಮಾವನವರಿಗೆ ಬೇಕಾದ್ದು ಬಿಸಿನೀರಲ್ಲ, ಬಾಗಿಲು” ಎಂದು ನನ್ನಾಕೆ ಒಂದು ರಾತ್ರಿ ಹೇಳಿದಳು. ಹೆಂಗಸರು ಇಂಥ ಮಾತನ್ನು ಎಲ್ಲಿಂದ ತರುತ್ತಾರೋ!

ಪರಿಹಾರ ಸುಲಭವಾಗಿತ್ತು: ಗೋಡೆಗೆ ಒಂದು ಹಿಡಿಕಂಬಿ. ಎರಡಡಿಯ ಸ್ಟೇನ್‌ಲೆಸ್ ಉಕ್ಕಿನ ಕೊಳವೆ, ಎರಡು ತುದಿಗೂ ಬಿಲ್ಲೆ, ಬಿಲ್ಲೆಗೆ ಮೂರು ಮೂರು ಸ್ಕ್ರೂ. ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಅದು ಸಿಕ್ಕಿತು. ಆದರೆ ಅದನ್ನು ಕೂಡಿಸುವವರು ಸಿಗಲಿಲ್ಲ. ಆರು ರಂಧ್ರದ ಕೆಲಸಕ್ಕೆ ಯಾವ ಮೇಸ್ತ್ರಿ ಬಂದಾನು? ಬರುವುದಿಲ್ಲವೆಂದು ಅವರು ಹೇಳುವುದೂ ಇಲ್ಲ. “ನಾಳೆ ಬರ್ತೀನಿ ಸ್ವಾಮಿ” ಎನ್ನುತ್ತಾರೆ. ನಾಲ್ಕು ನಾಳೆಗಳು ಕಳೆದ ಮೇಲೆ ಅಪ್ಪ ಪತ್ರಿಕೆಯಿಂದ ತಲೆಯೆತ್ತಿ, “ಡ್ರಿಲ್ ತೆಗೆದುಕೊಂಡು ಬಾ. ನೀನು ಮಾಡು, ನಾನು ಹೇಳುತ್ತೇನೆ” ಎಂದರು. ನಾನು ಶಿವಮೊಗ್ಗದ ಕಚೇರಿಯೊಂದರಲ್ಲಿ ಗುಮಾಸ್ತ. ಕಾಗದದಲ್ಲಿ ರಂಧ್ರ ಮಾಡಿ ದಾರ ಪೋಣಿಸಿದ ಅನುಭವ ನನಗಿತ್ತು. ಅಷ್ಟು ಸಾಲದೆಂದು ಅಪ್ಪನಿಗೆ ತಿಳಿದಿತ್ತು. ಆದರೆ ಅವರ ಬಲಗೈ ಎರಡು ವರ್ಷದಿಂದ ನಡುಗುತ್ತಿದೆ.

ಮೊದಲನೆಯ ಪಾಠ ಐದು ರೂಪಾಯಿಯ ನಾಣ್ಯದಿಂದ ನಡೆಯಿತು. ಕಂಬಿ ಬರಬೇಕಾದ ಸ್ಥಳದ ಟೈಲುಗಳನ್ನೆಲ್ಲ ನಾಣ್ಯದ ಅಂಚಿನಿಂದ ಮೆಲ್ಲಗೆ ತಟ್ಟಬೇಕು. ಹಿಂದೆ ಗಾರೆ ತುಂಬಿದ್ದರೆ ಗಟ್ಟಿಯಾದ ಮೊಂಡು ಸದ್ದು; ಇಲ್ಲದಿದ್ದರೆ ಹಲಸಿನ ಹಣ್ಣಿನಂತೆ ಡೊಳ್ಳು ಸದ್ದು. ಎಡಗಡೆಯ ಟೈಲು ಗಟ್ಟಿಯಾಗಿತ್ತು. ಬಲಗಡೆಯ ಬಿಲ್ಲೆ ಕೂರಬೇಕಾದ, ನಲ್ಲಿಯ ಪಕ್ಕದ ಟೈಲು ಟೊಳ್ಳೆಂದಿತು. ಅಂದು ಅದನ್ನು ಹಚ್ಚಿದವನು ಯಾರೋ ನಡುವೆ ಒಂದು ಮುದ್ದೆ ಗಾರೆ ಇಟ್ಟು, ಒತ್ತಿ, ಮುಂದೆ ಹೋಗಿದ್ದ. ಮೂವತ್ತು ವರ್ಷ ಅದು ಯಾರಿಗೂ ಅಡ್ಡಿಯಾಗಲಿಲ್ಲ. ನೀರು ಸಿಡಿಯುವುದಕ್ಕೆ ಅಷ್ಟು ಗಾರೆ ಸಾಕು. ಆದರೆ ಕಾಲು ಜಾರಿದ ಮನುಷ್ಯ ಕಂಬಿಗೆ ಜೋತುಬಿದ್ದಾಗ ಅವನ ಭಾರವನ್ನೆಲ್ಲ ಹೊರಬೇಕಾದ್ದು ಈ ಗೋಡೆ. ಟೊಳ್ಳಿನ ಮೇಲೆ ಕೂಡಿಸಿದ ಕಂಬಿ ಇಲ್ಲದ ಕಂಬಿಗಿಂತ ಕೆಟ್ಟದ್ದು. ಇಲ್ಲದುದನ್ನು ಯಾರೂ ನಂಬುವುದಿಲ್ಲವಷ್ಟೆ.

ಆದುದರಿಂದ ಆ ಟೈಲನ್ನು ತೆಗೆದು ಬೇರೊಂದನ್ನು ಹಚ್ಚಬೇಕಾಯಿತು. ಅಂಗಡಿಗಳಲ್ಲಿ ಆ ಮಾದರಿ ಮಾಯವಾಗಿ ಎಷ್ಟೋ ಕಾಲವಾಗಿದೆ. ಈಗಿನವು ಒಂದಾಳುದ್ದ, ಅಮೃತಶಿಲೆಯ ವೇಷದವು. ನಮ್ಮದು 8 ಅಂಗುಲಕ್ಕೆ 12 ಅಂಗುಲದ ತಿಳಿನೀಲಿ. ಆದರೆ ಅಪ್ಪ ಯಾವುದನ್ನೂ ಎಸೆದವರಲ್ಲ. ಅಟ್ಟದ ಮೇಲಿನ ಗೋಣಿಚೀಲವೊಂದರಲ್ಲಿ ಮನೆ ಕಟ್ಟಿದಂದು ಮಿಕ್ಕಿದ್ದ ನಾಲ್ಕು ಟೈಲುಗಳು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ನಿದ್ರಿಸುತ್ತಿದ್ದವು. ನಾಲ್ಕೇ ನಾಲ್ಕು. ಅವು ಮುಗಿದರೆ ಜಗತ್ತಿನಲ್ಲಿ ಮತ್ತೊಂದು ಇಲ್ಲ. ಅದರಲ್ಲಿ ಒಂದನ್ನು ಅಪ್ಪ ನನ್ನ ಕೈಗೆ ಕೊಟ್ಟು, “ಇದನ್ನು ಒಡೆ” ಎಂದರು.

ನಾನು ಮುಖ ನೋಡಿದೆ.

“ಎಷ್ಟಕ್ಕೆ ಒಡೆಯುತ್ತದೆ ಎಂದು ಕೈಗೆ ತಿಳಿದರೆ, ಎಷ್ಟಕ್ಕೆ ಒಡೆಯುವುದಿಲ್ಲ ಎಂಬುದೂ ತಿಳಿಯುತ್ತದೆ. ಲೇತಿಗೆ ಹೊಸದಾಗಿ ಬಂದ ಹುಡುಗರಿಗೆ ಮೊದಲು ತುಂಡು ಲೋಹ ಕೊಡುತ್ತಿದ್ದೆವು, ಕೆಡಿಸಲಿಕ್ಕೇ.”

ಹೀಗೆ ಆ ಒಂದು ಟೈಲು ಇಡೀ ಭಾನುವಾರ ನಮ್ಮ ಜಗಲಿಯಲ್ಲಿ ಗುರುವಾಯಿತು. ಅದು ಹೇಳಿಕೊಟ್ಟುದನ್ನು ವಾಚಕರಿಗೂ ಒಪ್ಪಿಸುತ್ತೇನೆ. ಎಲ್ಲರ ಮನೆಯಲ್ಲಿಯೂ ಬಚ್ಚಲಿದೆ, ಎಲ್ಲರ ಮನೆಯಲ್ಲಿಯೂ ವಯಸ್ಸಾಗುತ್ತದೆ.

ಗೋಡೆಗೆ ಹಚ್ಚುವ ಟೈಲಿನಲ್ಲಿ ಎರಡು ಜೀವಗಳಿವೆ. ಮೇಲಿನದು ಮೆರುಗು, ಸಾವಿರ ಡಿಗ್ರಿಗೂ ಮಿಕ್ಕ ಕಾವಿನಲ್ಲಿ ಕರಗಿ ಹರಡಿಕೊಂಡ ಗಾಜು. ಕೆಳಗಿನದು ಸುಟ್ಟ ಮಣ್ಣು. ಮೆತ್ತಗಿನದು, ನೀರು ಹೀರುವಂಥದು. ಗಾಜನ್ನು ಎಷ್ಟು ಒತ್ತಿದರೂ ತಾಳಿಕೊಳ್ಳುತ್ತದೆ. ಎಳೆತವನ್ನು ಮಾತ್ರ ತಾಳದು. ಒಂದು ಸಣ್ಣ ಗೀರು ಬಿದ್ದರೆ ಎಳೆತದ ಬಲವೆಲ್ಲ ಆ ಗೀರಿನ ತುದಿಗೆ ಬಂದು ಸೇರುತ್ತದೆ. ಟೈಲು ಕೆಡುವುದೂ ಅದರಿಂದಲೇ, ನಾವು ಅದನ್ನು ಅಚ್ಚುಕಟ್ಟಾಗಿ ಕತ್ತರಿಸುವುದೂ ಅದರಿಂದಲೇ. ಕಾರ್ಬೈಡ್ ಮೊನೆಯ ಗೀರುಕಡ್ಡಿಯಿಂದ, ಮಟ್ಟಗೋಲಿನ ಆಸರೆಯಲ್ಲಿ, ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಲ ಗೀರಬೇಕು. ಎರಡನೆಯ ಸಲ ಗೀರಿದರೆ ದಾರಿ ಎರಡಾಗುತ್ತದೆ, ಬಿರುಕು ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತದೆ. ಆಮೇಲೆ ಗೀರಿನ ನೇರಕ್ಕೆ ಕೆಳಗೊಂದು ಕಬ್ಬಿಣದ ಕಡ್ಡಿಯನ್ನಿಟ್ಟು, ಎರಡು ಕಡೆಯೂ ಸಮವಾಗಿ ಅದುಮಿದರೆ ‘ಟಕ್’ ಎಂಬ ಸದ್ದಿನೊಡನೆ ಟೈಲು ಹಪ್ಪಳದಂತೆ ಎರಡಾಗುತ್ತದೆ. ಕತ್ತರಿಸಿದ ಅಂಚು ಕೈ ಕೊಯ್ಯುವಷ್ಟು ಹರಿತವಾಗಿರುತ್ತದೆ. ಅದನ್ನು ಕಲ್ಲಿನ ಮೇಲೆ ಉಜ್ಜಿ ಸಾಧು ಮಾಡಬೇಕು.

ನಮಗೆ ಬೇಕಾಗಿದ್ದ ಟೈಲಿನ ಎತ್ತರ ಒಂದಂಗುಲ ಕಡಮೆ. ಮೇಲೆ ಹೂವಿನ ಪಟ್ಟಿಯಿತ್ತು. ಜೊತೆಗೆ ಕೆಳಗಿನ ಎಡಮೂಲೆಯಲ್ಲಿ ನಲ್ಲಿಯ ಕೊಳವೆಗಾಗಿ ಕಾಲುಚಂದ್ರನಾಕಾರದ ಕಚ್ಚು ಬೇಕಾಗಿತ್ತು. ನೇರಗೆರೆ ಗೀರಿನಿಂದ ಆಗುತ್ತದೆ, ಬಾಗುಗೆರೆ ಆಗುವುದಿಲ್ಲ. ಅದಕ್ಕೆ ಹರಿತವಾದ ಬಾಯಿಯ ಇಕ್ಕಳ ಬೇಕು. ಅಂಚಿನಿಂದ ಆರಂಭಿಸಿ, ಇಲಿ ರೊಟ್ಟಿಯನ್ನು ಕಡಿದಂತೆ ಚೂರು ಚೂರಾಗಿ ಕಡಿಯುತ್ತ ಗೆರೆಯವರೆಗೆ ಹೋಗಬೇಕು. ಅವಸರದ ಇಲಿಗೆ ಇಲ್ಲಿ ಕೆಲಸವಿಲ್ಲ. ಕೈಯಲ್ಲಿ ಹಿಡಿಯುವ ವಿದ್ಯುತ್ ಗ್ರೈಂಡರಿಗೆ ವಜ್ರದ ಪುಡಿಯ ಚಕ್ರ ಹಾಕಿ ಕತ್ತರಿಸುವುದು ಇನ್ನೂ ಬೇಗ. ಆದರೆ ಅದರಿಂದ ಏಳುವ ಬಿಳಿಯ ದೂಳು ಸಾಮಾನ್ಯವಾದುದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲು ಕೊರೆದವರ ಶ್ವಾಸಕೋಶವನ್ನು ಕೆಡಿಸಿದ್ದು ಇದೇ ಜಾತಿಯ ಸಿಲಿಕಾದ ಸೂಕ್ಷ್ಮ ಕಣ. ಮೇಸ್ತ್ರಿಗಳ ಹುಡುಗರು ಮೂಗಿಗೆ ಒಂದು ಕರವಸ್ತ್ರವನ್ನೂ ಕಟ್ಟದೆ ದಿನವಿಡೀ ಆ ಮೋಡದ ನಡುವೆ ಕುಳಿತಿರುವುದನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕರವಸ್ತ್ರವೂ ಸಾಲದು, ಆ ಕಣಗಳನ್ನು ತಡೆಯುವ ಮುಖಗವಸೇ ಬೇಕು, ಕಣ್ಣಿಗೆ ಕನ್ನಡಕ ಬೇಕು. ನೀರು ಹಾಯಿಸಿದರೆ ದೂಳು ಅಡಗುತ್ತದೆ ನಿಜ; ಆದರೆ ನೀರಿಗೆಂದು ಮಾಡದ ಯಂತ್ರದ ಮೇಲೆ ನೀರು ಸುರಿದರೆ ವಿದ್ಯುತ್ತಿನ ಅಪಾಯ. ಒಂದು ಟೈಲಿಗೆ ಅಷ್ಟೆಲ್ಲ ಬೇಡವೆಂದು ನಾವು ಇಲಿಯ ಮಾರ್ಗವನ್ನೇ ಹಿಡಿದೆವು.

ಇನ್ನು ಕೊರೆಯುವ ವಿದ್ಯೆ. ಸಾಧಾರಣ ಬಿಟ್ಟು ಗಾಜಿನ ಮೇಲೆ ಹಿಮದ ಮೇಲೆ ನಡೆಯುವವನಂತೆ ಜಾರಾಡುತ್ತದೆ. ಇದಕ್ಕೆಂದೇ ಭರ್ಜಿಯ ಮೊನೆಯಂಥ ಕಾರ್ಬೈಡ್ ಬಿಟ್ಟು ಸಿಗುತ್ತದೆ. ಅದನ್ನು ಕೈಗೆತ್ತಿಕೊಂಡಾಗ ಅಪ್ಪನ ಮುಖ ಅರಳಿತು. ಟಂಗ್‌ಸ್ಟನ್ ಕಾರ್ಬೈಡೆಂದರೆ ಅವರಿಗೆ ಹಳೆಯ ಸ್ನೇಹಿತ. ಜರ್ಮನಿಯ ಕ್ರುಪ್ ಕಂಪೆನಿಯವರು 1920ರ ದಶಕದಲ್ಲಿ ಈ ವಸ್ತುವನ್ನು ಮಾರುಕಟ್ಟೆಗೆ ತಂದು, ‘ವಜ್ರದಂತೆ’ ಎಂಬರ್ಥದ ತಮ್ಮ ಭಾಷೆಯ ಎರಡು ಮಾತುಗಳನ್ನು ಮೊಟಕುಮಾಡಿ ‘ವಿಡಿಯಾ’ ಎಂದು ಹೆಸರಿಟ್ಟರು. 1964ರಲ್ಲಿ ಆ ಹೆಸರಿನ ಕಂಪೆನಿಯೇ ಬೆಂಗಳೂರಿನಲ್ಲಿ ನೆಲೆಯೂರಿತು; ತುಮಕೂರು ರಸ್ತೆಯಲ್ಲಿ ಅದರ ಕಾರ್ಖಾನೆ ಎದ್ದಿತು. ಭದ್ರಾವತಿಯ ಮಿಶ್ರಲೋಹದ ಉಕ್ಕನ್ನು ಕಡಿಯುವ ಹಲ್ಲು ಅದೇ. ಷಾಪಿನಲ್ಲಿ ಎಲ್ಲರೂ ‘ವಿಡಿಯಾ ಟಿಪ್ಪು’ ಎಂದೇ ಕರೆಯುತ್ತಿದ್ದರಂತೆ. “ಇದಕ್ಕೆ ಗಡಸುತನ ಉಂಟು, ಸಹನೆ ಇಲ್ಲ. ಕುಟ್ಟಿದರೆ ಮುರಿಯುತ್ತದೆ” ಎಂದು ಅಪ್ಪ ಅದರ ಗುಣಸ್ವಭಾವವನ್ನು ವರ್ಣಿಸಿದರು. ವಧುವರರ ಕಡೆಯವರು ಕೂಡ ಇಷ್ಟು ನಿಖರವಾಗಿ ಮಾತನಾಡುವುದಿಲ್ಲ.

ಗುರುತು ಮಾಡಿದ ಜಾಗಕ್ಕೆ ಕಾಗದದ ಅಂಟುಪಟ್ಟಿಯನ್ನು ಅಡ್ಡಡ್ಡಲಾಗಿ ಹಚ್ಚಿದರೆ ಮೊನೆ ಜಾರುವುದಿಲ್ಲ. ಡ್ರಿಲ್ಲಿನ ಕುಟ್ಟುವ ಗುಂಡಿಯನ್ನು ತಪ್ಪದೆ ಮುಚ್ಚಿರಬೇಕು. ಟೈಲು ದಾಟುವವರೆಗೆ ಬರಿಯ ತಿರುಗು, ಅದೂ ನಿಧಾನ. ಭಾರ ಹಾಕಬಾರದು, ಕಾವೇರಿದರೆ ನಿಲ್ಲಿಸಿ ಒದ್ದೆಬಟ್ಟೆಯಿಂದ ತಣಿಸಬೇಕು. ಅಂಚಿಗೆ ಸಮೀಪವಾಗಿ ಕೊರೆಯಬಾರದು. ಎರಡು ಟೈಲುಗಳ ಸಂದಿಯಲ್ಲಿ ಕೊರೆಯುವುದು ಸುಲಭವೆಂದು ತೋರಿದರೂ ಅದರಿಂದ ಎರಡರ ಅಂಚೂ ಸಿಡಿಯುತ್ತದೆ. ನಲ್ಲಿಯ ನೇರಕ್ಕೆ ಮೇಲೆ ಕೆಳಗೆ ಎಲ್ಲಿಯೂ ಕೈಹಾಕಬಾರದು. ಒಳಗೆ ಕೊಳವೆ ಮಲಗಿರುತ್ತದೆ. ಮೆರುಗು ದಾಟಿ, ಮಣ್ಣು ದಾಟಿ, ಗಾರೆಗೆ ಮುಟ್ಟಿದ ಮೇಲೆಯೇ ಬಿಟ್ಟನ್ನು ಬದಲಾಯಿಸಿ ಕುಟ್ಟುವ ಗುಂಡಿಯನ್ನು ತೆರೆಯಬೇಕು.

ಜಗಲಿಯ ಟೈಲಿನಲ್ಲಿ ಸಂಜೆಯ ಹೊತ್ತಿಗೆ ಹದಿನೇಳು ರಂಧ್ರಗಳಾದವು. ನನ್ನಾಕೆ ಅದನ್ನು ನೋಡಿ, ದೋಸೆ ಇಷ್ಟು ಚೆನ್ನಾಗಿ ಬಿದ್ದರೆ ಸಾಕೆಂದಳು.

ಗೋಡೆಯ ಟೊಳ್ಳು ಟೈಲನ್ನು ಮರುದಿನ ತೆಗೆದೆವು. ಮೊದಲು ಸುತ್ತಲಿನ ಸಂದಿಯ ಬಿಳಿ ಸಿಮೆಂಟನ್ನು ಕೆರೆದು ಅದನ್ನು ನೆರೆಹೊರೆಯವರಿಂದ ಬೇರ್ಪಡಿಸಬೇಕು. ಬಳಿಕ ನಟ್ಟನಡುವೆ ಒಡೆದು, ನಡುವಿನಿಂದ ಅಂಚಿನ ಕಡೆಗೆ ಉಳಿಯಿಂದ ಎಬ್ಬಿಸುತ್ತ ಬರಬೇಕು. ಅಂಚಿನಿಂದ ಎಬ್ಬಿಸಹೋದರೆ ಪಕ್ಕದ ಟೈಲಿನ ಮೇಲೆ ಉಳಿಯ ಭಾರ ಬೀಳುತ್ತದೆ. ಒಳಗಿನ ಹಳೆಯ ಗಾರೆಯನ್ನು ಕೆರೆದು, ಗೋಡೆಯನ್ನು ನೆನೆಸಿ, ನೀರಿನಲ್ಲಿ ಮುಳುಗಿಸಿಟ್ಟಿದ್ದ ಹೊಸ ಟೈಲಿನ ಬೆನ್ನಿಗೆಲ್ಲ ಮೂಲೆಮೂಲೆಗೂ ಗಾರೆ ಬಳಿದು ಕೂಡಿಸಿದೆವು. ಒಣ ಟೈಲಾದರೆ ಗಾರೆಯ ನೀರನ್ನು ತಾನೇ ಕುಡಿದುಬಿಡುತ್ತದೆ, ಗಾರೆ ಸತ್ತು ಪುಡಿಯಾಗುತ್ತದೆ. ಅನಂತರ ಒಂದು ವಾರ ಯಾರೂ ಅದನ್ನು ಮುಟ್ಟುವಂತಿಲ್ಲವೆಂದು ಅಪ್ಪನ ಆಜ್ಞೆಯಾಯಿತು. ಏಳನೆಯ ದಿನ ನಾಣ್ಯದಿಂದ ತಟ್ಟಿದಾಗ ಅದು ಗೋಡೆಯ ಮಾತನ್ನೇ ಆಡಿತು.

ಆ ಭಾನುವಾರದ ಬೆಳಿಗ್ಗೆಯನ್ನು ನಾನು ಮರೆಯಲಾರೆ. ಕಂಬಿ ಎಷ್ಟು ಎತ್ತರದಲ್ಲಿರಬೇಕೆಂದು ಪುಸ್ತಕಗಳು ಹೇಳುತ್ತವೆ: ನೆಲದಿಂದ ಸುಮಾರು ಮೂರಡಿ. ಆದರೆ ಅಪ್ಪ ಅಳತೆಪಟ್ಟಿಯನ್ನು ಬದಿಗಿಟ್ಟು, ಸ್ನಾನದ ಮಣೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಏಳಲು ಹೋಗುವವರಂತೆ ಕೈಯನ್ನು ಗೋಡೆಗೆ ಚಾಚಿದರು. ಅಂಗೈ ಮುಟ್ಟಿದ ಕಡೆ ನಾನು ಪೆನ್ಸಿಲಿನಿಂದ ಗುರುತು ಹಾಕಿದೆ. ಮೂರಡಿಗೆ ಎರಡಂಗುಲ ಕಡಮೆಯಾಯಿತು. ಬಿದ್ದ ದಿನ ಅವರ ಕೈ ಹುಡುಕಿದ್ದು ಅಲ್ಲಿಯೇ ಇರಬೇಕು. ನಾನು ಕೇಳಲಿಲ್ಲ.

ಲೇತಿನ ಸದ್ದಿನಲ್ಲಿ ಆಯುಷ್ಯ ಕಳೆದ ಅವರಿಗೆ ಕಿವಿ ಈಗ ಸರಿಯಾಗಿ ಕೇಳಿಸುವುದಿಲ್ಲ. ಡ್ರಿಲ್ಲಿನ ಸದ್ದಿನಿಂದ ಅವರೇನು ತಿಳಿದಾರು ಎಂದುಕೊಂಡಿದ್ದೆ. ಅವರು ನನ್ನ ಪಕ್ಕದಲ್ಲಿ ನಿಂತು, ನಡುಗುವ ಬಲಗೈಯ ಬೆರಳತುದಿಗಳನ್ನು ಟೈಲಿನ ಮೇಲೆ ಊರಿದರು. ನಾನು ಕೊರೆಯತೊಡಗಿದೆ. “ಗಾಜು… ಇನ್ನೂ ಗಾಜು… ಒತ್ತಬೇಡ… ಹಾಂ, ಮಣ್ಣಿಗೆ ಬಂತು. ನಿಧಾನ… ಗಾರೆ. ನಿಲ್ಲಿಸು.” ನನ್ನ ಕಣ್ಣಿಗೆ ಕಂಡದ್ದು ಬಿಳಿಯ ಪುಡಿ ಮಾತ್ರ. ಗೋಡೆಯೊಳಗಿನ ಮೂರು ಪದರಗಳನ್ನೂ ಅವರು ಬೆರಳಿನಿಂದ ಓದುತ್ತಿದ್ದರು. ಟೈಲಿಗೆ ಬೆರಳೂರಿದ ಕೂಡಲೆ ಕೈ ನಡುಗುವುದು ನಿಂತಿತ್ತೆಂಬುದನ್ನು ನಾನು ನಾಲ್ಕನೆಯ ರಂಧ್ರದ ಹೊತ್ತಿಗೆ ಗಮನಿಸಿದೆ. ಆರೂ ರಂಧ್ರಗಳು ಕೂದಲೆಳೆಯ ಬಿರುಕೂ ಇಲ್ಲದೆ ಮುಗಿದವು.

ಕೊನೆಯದಾಗಿ ರಾಲ್‌ಪ್ಲಗ್ಗು. ಹಿಂದೆ ಗೋಡೆಗೆ ಮರದ ಗೂಟ ಬಡಿದು ಅದಕ್ಕೆ ಮೊಳೆ ಹೊಡೆಯುತ್ತಿದ್ದರು. 1910ರ ದಶಕದಲ್ಲಿ ಇಂಗ್ಲೆಂಡಿನ ರಾಲಿಂಗ್ಸ್ ಎಂಬಾತ ಸೆಣಬಿನ ನಾರಿನಿಂದ ಸಣ್ಣ ಕೊಳವೆ ಮಾಡಿ, ಸ್ಕ್ರೂ ಒಳಹೋದಂತೆ ಅದು ಹಿಗ್ಗಿ ಗೋಡೆಯನ್ನು ಕಚ್ಚುವ ಉಪಾಯ ಹೂಡಿದ. ಈಗ ಅದು ಪ್ಲಾಸ್ಟಿಕ್ಕಿನದಾಗಿದೆ, ಹೆಸರು ಮಾತ್ರ ಅವನದೇ. ಅದು ಹಿಗ್ಗಬೇಕಾದ್ದು ಇಟ್ಟಿಗೆಯಲ್ಲಿ, ಟೈಲಿನಲ್ಲಲ್ಲ. ಟೈಲಿನ ದಪ್ಪದಲ್ಲಿ ಉಳಿದರೆ ಸ್ಕ್ರೂ ಬಿಗಿದಂತೆ ಅದು ಹಿಗ್ಗಿ, ಇಷ್ಟೆಲ್ಲ ಜತನದಿಂದ ಉಳಿಸಿದ ಟೈಲನ್ನು ಸೀಳಿಬಿಡುತ್ತದೆ. ಆದುದರಿಂದ ಟೈಲಿನ ರಂಧ್ರವನ್ನು ಒಂದಿಷ್ಟು ಅಗಲಮಾಡಿ, ಪ್ಲಗ್ಗನ್ನು ಅದರಾಚೆಗೆ ಇಟ್ಟಿಗೆಯೊಳಕ್ಕೆ ತಳ್ಳಬೇಕು. ನೀರು ಇಳಿಯದಂತೆ ರಂಧ್ರದ ಬಾಯಿಗೆ ಸಿಲಿಕೋನ್ ಅಂಟನ್ನು ತುಂಬಿ, ತುಕ್ಕು ಹಿಡಿಯದ ಸ್ಕ್ರೂಗಳನ್ನು ಸುತ್ತುಸುತ್ತಾಗಿ ಬಿಗಿದೆವು. ಅಂಟು ಒಣಗಲು ಒಂದು ದಿನ ಬಿಟ್ಟು, ಮೊದಲು ನಾನು ಕಂಬಿಗೆ ಜೋತುಬಿದ್ದೆ. ನನ್ನ ಎಪ್ಪತ್ತೆಂಟು ಕಿಲೋ ತೂಕ ಸಾರ್ಥಕವಾದ ಸಂದರ್ಭ ಜೀವನದಲ್ಲಿ ಇದೊಂದೇ. ಆಮೇಲೆ ಮಗ ಜೋತುಬಿದ್ದ. ಇಬ್ಬರೂ ಸೇರಿ ಜೋತುಬಿದ್ದೆವು. ಗೋಡೆ ಮಾತನಾಡಲಿಲ್ಲ.

ಮಂಗಳವಾರ ಬೆಳಗ್ಗೆ ಐದೂವರೆಗೆ ಚಿಲಕದ ಸದ್ದು ಕೇಳಿಸಿತು. ನನ್ನಾಕೆ ಎದ್ದು ಹಾಲಿಟ್ಟಳು. ಮಗ ಎಂದಿನಂತೆ ಬಾಗಿಲ ಬಳಿಗೆ ಹೊರಟವನನ್ನು ಅವಳು ಕಣ್ಣಿನಲ್ಲಿಯೇ ತಡೆದಳು. ಹೊರಗಿನಿಂದ ತೆರೆಯಬಹುದಾದ ಚಿಲಕವನ್ನು ವೈದ್ಯರ ಸಮಾಧಾನಕ್ಕಾಗಿ ಹಿಂದಿನ ದಿನವೇ ಹಾಕಿದ್ದೆವು. ಆ ಸಂಗತಿ ಅಪ್ಪನಿಗೆ ತಿಳಿದಿದೆ, ಅವರು ಅದರ ಮಾತೆತ್ತಲಿಲ್ಲ. ಒಳಗೆ ಚೊಂಬಿನಿಂದ ನೀರು ಬೀಳುತ್ತಿತ್ತು; ನಿಂತಿತು; ಮತ್ತೆ ಬೀಳುತ್ತಿತ್ತು. ಅರ್ಧ ಗಂಟೆಯಾದರೂ ಯಾರೂ ಕೂಗಲಿಲ್ಲ.

ಅವರು ಹೊರಗೆ ಬಂದಾಗ ಹಣೆಯಲ್ಲಿ ವಿಭೂತಿಯಿತ್ತು, ಕಿವಿಯ ಹಿಂದೆ ಸಾಬೂನಿನ ನೊರೆಯಿತ್ತು. ಕಾಫಿಯ ಲೋಟವನ್ನು ಕೈಗೆ ತೆಗೆದುಕೊಂಡು ಕೆಲಸದ ಬಗ್ಗೆ ತಮ್ಮ ಅಭಿಪ್ರಾಯವನ್ನು ಕೊಟ್ಟರು: “ಎಡಗಡೆಯ ಬಿಲ್ಲೆ ಒಂದು ನೂಲು ಮೇಲಾಗಿದೆ. ಪರವಾಗಿಲ್ಲ.” ಮೂವತ್ತು ವರ್ಷ ಸಾವಿರದ ಒಂದಂಗುಲವನ್ನು ಅಳೆದವರ ಬಾಯಲ್ಲಿ ‘ಪರವಾಗಿಲ್ಲ’ ಎಂದರೆ ಅದು ಬಿರುದಿಗೆ ಸಮಾನ. ನಾನು ಅದನ್ನು ಸಂತೋಷದಿಂದ ಸ್ವೀಕರಿಸಿದೆ.

ಈಗ ಬೀದಿಯಲ್ಲಿ ಸುದ್ದಿ ಹಬ್ಬಿದೆ. ಅಪ್ಪನ ವಯಸ್ಸಿನ ಕಾರ್ಖಾನೆಯ ಹಳೆಯ ಸ್ನೇಹಿತರು ಸಂಜೆ ಬಂದು ನಮ್ಮ ಬಚ್ಚಲುಮನೆಯನ್ನು ನೋಡಿಕೊಂಡು ಹೋಗುತ್ತಾರೆ. ಒಬ್ಬರ ಮನೆಗೆ ಅಪ್ಪ ನಾಣ್ಯವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಗೋಡೆಯ ಪರೀಕ್ಷೆ ಮಾಡಿ ಬಂದಿದ್ದಾರೆ. ನನ್ನ ಮುಂದಿನ ಎರಡು ಭಾನುವಾರಗಳನ್ನು ನನ್ನನ್ನು ಕೇಳದೆಯೇ ಅವರಿಗೆ ಮಾತುಕೊಟ್ಟದ್ದೂ ಆಗಿದೆ. ಅಟ್ಟದ ಮೇಲೆ ಇನ್ನು ಎರಡು ತಿಳಿನೀಲಿ ಟೈಲುಗಳು ಉಳಿದಿವೆ. ಅವುಗಳನ್ನು ಅಪ್ಪ ಮತ್ತೆ ವೃತ್ತಪತ್ರಿಕೆಯಲ್ಲಿ, ಈ ಸಲ ಹೊಸದರಲ್ಲಿ, ತಾವೇ ಸುತ್ತಿ ಇಟ್ಟರು. “ನಿನ್ನ ಕಾಲಕ್ಕೆ ಬೇಕಾಗುತ್ತದೆ” ಎಂದರು.

ಅದನ್ನು ಕೇಳಿದಂದಿನಿಂದ, ಸ್ನಾನ ಮುಗಿಸಿ ಏಳುವಾಗ ನನ್ನ ಕೈ ಕೂಡ ತನಗರಿವಿಲ್ಲದೆ ಆ ಕಂಬಿಯ ಕಡೆಗೆ ಹೋಗುತ್ತದೆ. ಗಟ್ಟಿಯಾಗಿದೆ.